ಅಟ್ಟದ ಮೇಲಿನ ಕ್ಯಾಸೆಟ್ ಯಾವ ಫಾರ್ಮ್ಯಾಟ್‌ಗೆ ಹಾಕಿಸಬೇಕು? ಗೆದ್ದವು, ಸೋತವು ನೋಡಿ ಆರಿಸೋದು ಹೇಗೆ

ನಮ್ಮ ಕಡೆ ಬಹಳಷ್ಟು ಮನೆಗಳ ಅಟ್ಟದ ಮೇಲೆ ಒಂದು ಚೀಲ ಇದ್ದೇ ಇರುತ್ತದೆ. ಒಳಗೆ ಅಕ್ಕನ ಮದುವೆಯ ವಿಎಚ್‌ಎಸ್ ಕ್ಯಾಸೆಟ್, ತಮ್ಮನ ಮದುವೆಯ ವಿಸಿಡಿ, ಅದೃಷ್ಟ ಇದ್ದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಮಿನಿ ಡಿವಿ ಕ್ಯಾಸೆಟ್. ಬೆಳಗಾವಿಯಲ್ಲಿ ಇಂಥ ಚೀಲ ಹಿಡಿದು ಬರುವವರಿಗೆ ನಾನು ಬಿಡುವಿದ್ದಾಗ ಕಂಪ್ಯೂಟರ್‌ಗೆ ಏರಿಸಿಕೊಡುತ್ತೇನೆ. ಬಂದವರೆಲ್ಲ ಕೇಳೋದು ಒಂದೇ: "ಇದನ್ನ ಯಾವುದರಾಗ ಹಾಕಿಸಿದರ ಇನ್ನೊಂದು ಇಪ್ಪತ್ತು ವರ್ಷ ಬಾಳತೈತ್ರೀ?"

ಚಿಕ್ಕ ಉತ್ತರ ಬೇಕಿದ್ದರೆ ಇಲ್ಲೇ ಹೇಳಿಬಿಡುತ್ತೇನೆ. ಎಚ್.264 (ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡುವ ಒಂದು ಪದ್ಧತಿ) ಇರುವ ಎಂಪಿ4 ಫೈಲ್, ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ನಲ್ಲಿ. ಅಷ್ಟೇ. ಆದರೆ ಅಷ್ಟಕ್ಕೇ ಬಿಟ್ಟರೆ ಮುಂದೆ ಇನ್ನೇನೋ ಹೊಸದು ಬಂದಾಗ ಮತ್ತೆ ಅಂಗಡಿಯವನು ಹೇಳಿದ್ದೇ ವೇದವಾಕ್ಯ ಆಗುತ್ತದೆ. ಯಾವ ಫಾರ್ಮ್ಯಾಟ್ ಉಳಿಯುತ್ತದೆ, ಯಾವುದು ಮಣ್ಣಾಗುತ್ತದೆ ಅಂತ ತೂಗಿ ನೋಡೋದು ಅಂಥ ಕಷ್ಟದ ಕೆಲಸವಲ್ಲ. ಐವತ್ತು ವರ್ಷಗಳ ಜಗಳ ಕಣ್ಣ ಮುಂದೆ ಇದೆ. ಮೊದಲು ಅದನ್ನು ನೋಡೋಣ, ಆಮೇಲೆ ಚೀಲಕ್ಕೆ ಕೈ ಹಾಕೋಣ.

ಚಿತ್ರ ಚೆಂದ ಇದೆಯಾ ಅಂತ ಮೊದಲು ಕೇಳಬೇಡಿ

ಈ ಮಾತು ಬಂದಾಗೆಲ್ಲ ಯಾರಾದರೂ ಒಬ್ಬರು ಬೀಟಾಮ್ಯಾಕ್ಸ್ ಕಥೆ ತೆಗೆಯುತ್ತಾರೆ. ಸೋನಿ 1975ರಲ್ಲಿ ಬೀಟಾಮ್ಯಾಕ್ಸ್ ತಂದಿತು, ಕ್ಯಾಸೆಟ್ ಚಿಕ್ಕದು, ಚಿತ್ರ ಚೊಕ್ಕ. ಮರುವರ್ಷ ಜೆವಿಸಿ ವಿಎಚ್‌ಎಸ್ ತಂದಿತು. ಒಳ್ಳೆಯದು ಸೋತಿತು, ಸಾಧಾರಣದ್ದು ಗೆದ್ದಿತು, ಲೋಕ ಇರೋದೇ ಹೀಗೆ ಅಂತ ಕಥೆ ಮುಗಿಸುತ್ತಾರೆ.

ಇದರಲ್ಲಿ ನಿಜ ಅರ್ಧ ಮಾತ್ರ. ಮೊದಲ ಬೀಟಾ ಕ್ಯಾಸೆಟ್‌ನಲ್ಲಿ ಹಿಡಿಸುತ್ತಿದ್ದುದು ಒಂದೇ ಗಂಟೆ. ವಿಎಚ್‌ಎಸ್‌ನಲ್ಲಿ ಎರಡು. ಅಮೆರಿಕದ ಆರ್‌ಸಿಎ ಕಂಪನಿಗೆ ಅದೂ ಸಾಲಲಿಲ್ಲ, ಅಲ್ಲಿನ ಫುಟ್‌ಬಾಲ್ ಪಂದ್ಯ ಪೂರ್ತಿ ಹಿಡಿಸಬೇಕು ಅಂತ ಕೂತಿತು. ಮತ್ಸುಶಿತಾ ಕಂಪನಿ ಟೇಪಿನ ವೇಗ ಅರ್ಧಕ್ಕಿಳಿಸಿ ನಾಲ್ಕು ಗಂಟೆ ಮಾಡಿಕೊಟ್ಟಿತು, 1977ರಲ್ಲಿ ಆ ಯಂತ್ರ ಮಾರುಕಟ್ಟೆಗೆ ಬಂತು. ಸೋನಿಯೂ ಪೈಪೋಟಿಗೆ ಬಿದ್ದು ತನ್ನ ಟೇಪನ್ನು ನಿಧಾನ ಮಾಡಿತು. ನಿಧಾನ ಮಾಡಿದ ಮೇಲೆ ಆ ಚೊಕ್ಕ ಚಿತ್ರದ ಹೆಚ್ಚುಗಾರಿಕೆ ಬಹುಪಾಲು ಹೋಯಿತು. ಅಂದರೆ ಜನ ಮನೆಯಲ್ಲಿ ನೋಡಿದ ಬೀಟಾ, ಕಥೆಯಲ್ಲಿ ಬರುವ ಬೀಟಾ ಅಲ್ಲವೇ ಅಲ್ಲ.

ಎಷ್ಟು ಹೊತ್ತು ಹಿಡಿಸುತ್ತದೆ ಅನ್ನೋದು ಎಷ್ಟು ದೊಡ್ಡ ಮಾತು ಅಂತ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಜಾತ್ರೆಯಲ್ಲಿ ಶ್ರೀಕೃಷ್ಣ ಪಾರಿಜಾತದ ಬಯಲಾಟ ಇಟ್ಟರೆ ರಾತ್ರಿ ಊಟದ ಮೇಲೆ ಶುರುವಾಗಿ ಬೆಳಗಿನ ಜಾವದವರೆಗೂ ನಡೆಯುತ್ತದೆ. ಮೂರು ಗಂಟೆಯ ಕ್ಯಾಸೆಟ್ ಹಾಕಿಕೊಂಡು ಕೂತ ವಿಡಿಯೋದವನು ಸರಿಯಾಗಿ ಸತ್ಯಭಾಮೆಯ ಮುನಿಸು ಏರುವ ಹೊತ್ತಿಗೇ ಕ್ಯಾಸೆಟ್ ಬದಲಿಸುತ್ತಿರುತ್ತಾನೆ. ಬಾಗಲಕೋಟೆ ಜಿಲ್ಲೆಯಿಂದ ಬಂದ ಒಂದು ಜೋಡಿ ಕ್ಯಾಸೆಟ್ ನೋಡಿದ್ದೆ. ಮೊದಲನೆಯದರ ಕೊನೆಗೆ ಭಾಮೆ ಕೈಯೆತ್ತಿ ಏನೋ ಹೇಳಲು ಬಾಯಿ ತೆರೆಯುತ್ತಾಳೆ, ಎರಡನೆಯದು ಶುರುವಾದಾಗ ಜನ ನಗುತ್ತಿದ್ದಾರೆ. ಏನು ಹೇಳಿದಳೋ ಶಿವನೇ ಬಲ್ಲ.

ಆದರೆ ಇಲ್ಲೊಂದು ತಿರುವಿದೆ. ನಮ್ಮ ದೇಶದ ಟಿವಿ ಪಾಲ್ ಪದ್ಧತಿಯದು, ಅದರಲ್ಲಿ ಟೇಪಿನ ಲೆಕ್ಕವೇ ಬೇರೆ. ಪಾಲ್ ಯಂತ್ರದಲ್ಲಿ ಬೀಟಾದ ಎಲ್-750 ಕ್ಯಾಸೆಟ್ 3 ಗಂಟೆ 15 ನಿಮಿಷ ಓಡುತ್ತಿತ್ತು, ವಿಎಚ್‌ಎಸ್‌ನ ಇ-180 ಓಡುತ್ತಿದ್ದುದು 3 ಗಂಟೆ. ಅಂದಮೇಲೆ ಇಲ್ಲಿ ಬೀಟಾ ಸೋತಿದ್ದು ಹೊತ್ತಿನಿಂದಲ್ಲ. ಮತ್ತೆ ಯಾಕೆ?

ತಯಾರಿಸುವವರ ಸಂಖ್ಯೆ ನೋಡಿ. ಜೆವಿಸಿ ತನ್ನ ಫಾರ್ಮ್ಯಾಟನ್ನು ಮತ್ಸುಶಿತಾ, ಹಿಟಾಚಿ, ಶಾರ್ಪ್, ಮಿತ್ಸುಬಿಷಿ ಅಂತ ಹಂಚುತ್ತಾ ಹೋಯಿತು. ಬೀಟಾ ಕಡೆಗೆ ತೋಷಿಬಾ, ಸಾನ್ಯೋ ಥರದವರು ಇದ್ದರು, ಆದರೆ ಗುಂಪು ಚಿಕ್ಕದು. ಹತ್ತು ಕಂಪನಿ ಮಾಡಿದರೆ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ಪಕ್ಕದ ಮನೆಗೂ ಬರುತ್ತದೆ, ಪಕ್ಕದ ಮನೆಗೆ ಬಂದರೆ ಕ್ಯಾಸೆಟ್ ಲೈಬ್ರರಿಯವನು ಅದನ್ನೇ ತರುತ್ತಾನೆ, ಅವನು ಅದನ್ನೇ ತಂದರೆ ಹೊಸದಾಗಿ ಕೊಳ್ಳುವವನಿಗೆ ಬೇರೆ ದಾರಿಯೇ ಇರುವುದಿಲ್ಲ. ಕೊನೆಗೆ 1988ರಲ್ಲಿ ಸೋನಿಯೇ ವಿಎಚ್‌ಎಸ್ ಯಂತ್ರ ಮಾಡತೊಡಗಿತು.

ನಮ್ಮಲ್ಲಂತೂ ಇದು ಇನ್ನೂ ಜೋರಾಗಿ ನಡೆಯಿತು. 1982ರ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಟಿವಿ ಬಂತು, ಅದರ ಬೆನ್ನಿಗೇ ಕ್ಯಾಸೆಟ್ ಓಡಿಸುವ, ರೆಕಾರ್ಡ್ ಮಾಡುವ ವಿಸಿಆರ್. ಬೆಳಗಾವಿಗೆ ಮುಂಬೈ, ಗೋವಾ ಎರಡೂ ಹತ್ತಿರ, ವಿಜಯಪುರಕ್ಕೆ ಸೊಲ್ಲಾಪುರ ಹತ್ತಿರ, ಅಲ್ಲಿ ಬಂದದ್ದು ಇಲ್ಲಿಗೂ ಬೇಗ ಬರುತ್ತಿತ್ತು. ಯಂತ್ರ ಸ್ವಂತಕ್ಕೆ ಕೊಂಡವರು ಕಡಿಮೆ. ಟಿವಿ, ವಿಸಿಪಿ (ಬರೀ ಓಡಿಸುವ ಯಂತ್ರ), ಮೂರು ಸಿನಿಮಾ ಕ್ಯಾಸೆಟ್ ಸೇರಿಸಿ ಒಂದು ರಾತ್ರಿಗೆ ಬಾಡಿಗೆ ತಂದು ಓಣಿಯವರೆಲ್ಲ ಅಂಗಳದಲ್ಲಿ ಕೂತು ನೋಡಿದವರೇ ಜಾಸ್ತಿ. ಬಾಡಿಗೆ ತರುವವನು ಚಿತ್ರದಲ್ಲಿ ಎಷ್ಟು ಗೆರೆ ಇದೆ ಅಂತ ಕೇಳುತ್ತಾನಾ? ಯಾವ ಸಿನಿಮಾ ಸಿಗುತ್ತದೆ ಅಂತ ಕೇಳುತ್ತಾನೆ. ಮದುವೆ ವಿಡಿಯೋದವರೂ ಅದನ್ನೇ ಹಿಡಿದರು, ಯಾಕೆಂದರೆ ಬೀಗರ ಊರಲ್ಲೂ ಓಡಬೇಕಲ್ಲ.

ಇನ್ನೊಂದು ಸೋತ ಕುದುರೆ ವಿಡಿಯೋ 2000. ಫಿಲಿಪ್ಸ್, ಗ್ರುಂಡಿಗ್ ಸೇರಿ 1979ರಲ್ಲಿ ತಂದವು. ಹಾಡಿನ ಕ್ಯಾಸೆಟ್ ಹಾಗೆ ತಿರುವಿ ಹಾಕಬಹುದಿತ್ತು, ಒಂದೊಂದು ಬದಿಗೆ ನಾಲ್ಕು ಗಂಟೆ, ಒಟ್ಟು ಎಂಟು. ನಮ್ಮ ಪಾರಿಜಾತ ಪೂರ್ತಿ ಕೂರುತ್ತಿತ್ತು ನೋಡಿ! ಆದರೆ ಬಂದಿದ್ದು ತಡ, ಹೆಚ್ಚಾಗಿ ಉಳಿದಿದ್ದು ಯುರೋಪಿನಲ್ಲೇ, ಬಾಡಿಗೆಗೆ ಸಿನಿಮಾಗಳೂ ಸಾಕಷ್ಟು ಬರಲಿಲ್ಲ. 1988ರ ಹೊತ್ತಿಗೆ ಕಥೆ ಮುಗಿಯಿತು. ಯಂತ್ರದ ಬುದ್ಧಿವಂತಿಕೆಯಲ್ಲಿ ಮೂರರಲ್ಲಿ ಇದೇ ಮುಂದು ಅಂತ ನನ್ನ ಅಭಿಪ್ರಾಯ. ಯಾರಿಗೆ ಬೇಕು?

ಬರೀ ನೋಡೋಕೆ ಮಾತ್ರ ಅಂದರೆ

ಎರಡನೇ ಪ್ರಶ್ನೆ: ಇದರಲ್ಲಿ ನಾನು ನನ್ನದನ್ನು ತುಂಬಿಸಬಹುದಾ?

ಲೇಸರ್‌ಡಿಸ್ಕ್ 1978ರಲ್ಲೇ ಅಮೆರಿಕದಲ್ಲಿ ಬಂತು. ಊಟದ ತಟ್ಟೆಯಷ್ಟು ದೊಡ್ಡ ಡಿಸ್ಕ್, ಚಿತ್ರ ವಿಎಚ್‌ಎಸ್‌ಗಿಂತ ಎಷ್ಟೋ ಮೇಲು. ಆದರೆ ಮನೆಯಲ್ಲಿ ರೆಕಾರ್ಡ್ ಮಾಡುವಂತಿಲ್ಲ, ಗಂಟೆಗೊಮ್ಮೆ ತಿರುವಬೇಕು. ಜಪಾನಿನಲ್ಲಿ, ಸಿನಿಮಾ ಹುಚ್ಚಿನವರ ಮನೆಗಳಲ್ಲಿ ಉಳಿಯಿತು, ಊರ ತುಂಬ ಹರಡಲಿಲ್ಲ. ಆರ್‌ಸಿಎಯದು ಇನ್ನೂ ಪಾಪ. ಗ್ರಾಮೊಫೋನ್ ಥರ ಮುಳ್ಳಿನಿಂದ ಓದುವ ಸಿಇಡಿ ಅನ್ನೋ ವಿಡಿಯೋ ಡಿಸ್ಕನ್ನು ವರ್ಷಗಟ್ಟಲೆ ತಿದ್ದಿ ತೀಡಿ 1981ರಲ್ಲಿ ತಂದಿತು. ಅಷ್ಟರಲ್ಲಿ ಜನರ ಮನೆಗೆ ವಿಸಿಆರ್ ಬಂದಾಗಿತ್ತು, ಟಿವಿ ಕಾರ್ಯಕ್ರಮ ಹಿಡಿದಿಡುವ ರುಚಿ ಹತ್ತಿತ್ತು. ಮೂರು ವರ್ಷಕ್ಕೆ, 1984ರಲ್ಲಿ, ಆರ್‌ಸಿಎ ಆ ಯಂತ್ರ ನಿಲ್ಲಿಸಿತು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್, ಟಿವಿ ಕಾರ್ಯಕ್ರಮವನ್ನು ಆಮೇಲೆ ನೋಡಲು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ ಅಂತ 5-4 ಬಹುಮತದಲ್ಲಿ ತೀರ್ಪು ಕೊಟ್ಟಿತು. ತಮಾಷೆ ಏನೆಂದರೆ ಆ ಕೇಸು ಗೆದ್ದಿದ್ದು ಬೀಟಾಮ್ಯಾಕ್ಸ್ ಮಾಡಿದ ಸೋನಿ, ಲಾಭ ಉಂಡಿದ್ದು ಜಾಸ್ತಿ ವಿಎಚ್‌ಎಸ್.

ವಿಸಿಡಿ: ದೊಡ್ಡವರು ಬಿಟ್ಟದ್ದು, ನಾವು ಹಿಡಿದದ್ದು

ನಿಮಗೆ ಒಂದೇ ಒಂದು ಫಾರ್ಮ್ಯಾಟ್ ಓದಿ ಎಲ್ಲ ತಿಳಿಯಬೇಕು ಅಂದರೆ ವಿಸಿಡಿ ಓದಿ. 1993ರಲ್ಲಿ ಫಿಲಿಪ್ಸ್, ಸೋನಿ, ಮತ್ಸುಶಿತಾ, ಜೆವಿಸಿ ಸೇರಿ ಮಾಡಿದ್ದು. ಸಾಮಾನ್ಯ ಸಿಡಿಯಲ್ಲೇ 74 ನಿಮಿಷ ವಿಡಿಯೋ. ಪಾಲ್‌ನಲ್ಲಿ ಚಿತ್ರದ ಅಳತೆ 352 ಅಡ್ಡ, 288 ಉದ್ದ, ಅಂದರೆ ಆಮೇಲೆ ಬಂದ ಡಿವಿಡಿಯ ಕಾಲು ಭಾಗಕ್ಕಿಂತ ಕಡಿಮೆ. ಜನ ಓಡಿದರೆ, ನೀರು ಚಿಮ್ಮಿದರೆ, ಅಕ್ಷತೆ ಬಿದ್ದರೆ ಚಿತ್ರವೆಲ್ಲ ಚೌಕ ಚೌಕ. ಅಮೆರಿಕ, ಯುರೋಪಿನವರು ಮೂಸಿಯೂ ನೋಡಲಿಲ್ಲ. ಅವರ ಮನೆಯಲ್ಲಿ ಆಗಲೇ ವಿಸಿಆರ್ ಇತ್ತು, ಮುಂದೆ ಡಿವಿಡಿ ಬರುವುದಿತ್ತು.

ಚೀನಾದಲ್ಲಿ, ಮಲೇಷ್ಯಾದಲ್ಲಿ, ನಮ್ಮಲ್ಲಿ ಅದೇ ರಾಜ. ಯಾಕೆ ಅಂತ ಯೋಚಿಸಿ. ಪ್ಲೇಯರ್ ಅಗ್ಗ, ಒಳಗೆ ಟೇಪ್ ಎಳೆಯುವ ಗಾಲಿ, ಬೆಲ್ಟ್ ಏನೂ ಇಲ್ಲ. ಹಾಡಿನ ಸಿಡಿಯೂ ಅದರಲ್ಲೇ ಓಡುತ್ತದೆ. ಡಿಸ್ಕಿಗೆ ಟೇಪಿನ ಹಾಗೆ ಬೂಷ್ಟು ಹಿಡಿಯೋದಿಲ್ಲ. ಪ್ರತಿ ಮಾಡಲು ಯಾವ ಬೀಗವೂ ಇಲ್ಲ, ಸಿಡಿ ರೈಟರ್ ಇದ್ದ ಯಾವ ಕಂಪ್ಯೂಟರಿನವನೂ ಮದುವೆಯ ಹತ್ತು ಪ್ರತಿ ತೆಗೆದುಕೊಡುತ್ತಿದ್ದ. ಒಂದು ಅತ್ತೆ ಮನೆಗೆ, ಒಂದು ಸೋದರಮಾವನಿಗೆ, ಒಂದು ದುಬೈಗೆ. ನಮ್ಮ ಎರಡೂವರೆ ಗಂಟೆ ಸಿನಿಮಾಕ್ಕೆ ಎರಡು ಮೂರು ಡಿಸ್ಕ್ ಬೇಕಾಗುತ್ತಿತ್ತು, ಆದರೆ ಸಿನಿಮಾದಲ್ಲಿ ಹೇಗೂ ಇಂಟರ್ವಲ್ ಇತ್ತಲ್ಲ, ಡಿಸ್ಕ್ ಬದಲಿಸುವುದು ಯಾರಿಗೂ ಭಾರ ಅನಿಸಲಿಲ್ಲ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ಬೆಲೆ ಅಷ್ಟು ಹತ್ತಿರ ಬಂದ ಮೇಲೆ ವಿಸಿಡಿ ಕೊಳ್ಳಲು ಕಾರಣವೇ ಉಳಿಯಲಿಲ್ಲ.

ಕೆಟ್ಟ ಚಿತ್ರ ಇಟ್ಟುಕೊಂಡೂ ಗೆದ್ದಿದ್ದು ಯಾಕೆ ಅಂದರೆ, ಅದು ಇಲ್ಲಿನವರ ಕೈಯಲ್ಲಿದ್ದ ಕಾಸಿಗೆ, ಇಲ್ಲಿನ ನೆಂಟಸ್ತಿಕೆಗೆ ಒಗ್ಗಿತು.

ಬೀಗ ಹಾಕಿದ್ದನ್ನು ದೂರ ಇಡಿ

ಡಿವಿಡಿ ಹುಟ್ಟುವ ಮೊದಲೇ ಎರಡು ಬಣಗಳಿದ್ದವು. ಒಂದು ಕಡೆ ಸೋನಿ, ಫಿಲಿಪ್ಸ್. ಇನ್ನೊಂದು ಕಡೆ ತೋಷಿಬಾ, ಟೈಮ್ ವಾರ್ನರ್. ಕಂಪ್ಯೂಟರ್ ಕಂಪನಿಗಳು, ಮುಖ್ಯವಾಗಿ ಐಬಿಎಂ, ನೀವು ಒಂದಾಗದಿದ್ದರೆ ನಾವು ಎರಡನ್ನೂ ಮುಟ್ಟುವುದಿಲ್ಲ ಅಂತ ಕೂತವು. 1995ರಲ್ಲಿ ರಾಜಿಯಾಯಿತು, 1996ರ ಕೊನೆಗೆ ಜಪಾನಿನಲ್ಲಿ ಡಿವಿಡಿ ಬಂತು. ಜಗಳ ಅಂಗಡಿಗೆ ಬರುವ ಮೊದಲೇ ಮುಗಿದಿದ್ದಕ್ಕೆ ಅದು ಅಷ್ಟು ಬೇಗ ಹಬ್ಬಿತು.

ಅದೇ ಹೊತ್ತಿಗೆ ಅಮೆರಿಕದ ಸರ್ಕಿಟ್ ಸಿಟಿ ಅನ್ನೋ ಅಂಗಡಿ ಸಾಲು 1998ರಲ್ಲಿ ಡಿವ್ಎಕ್ಸ್ ಅಂತ ಒಂದು ತಂದಿತು. ಡಿಸ್ಕ್ ಅಗ್ಗಕ್ಕೆ ಕೊಳ್ಳಿ, ಮೊದಲ ಸಲ ಹಾಕಿದ ಮೇಲೆ 48 ಗಂಟೆ ಮಾತ್ರ ನೋಡಿ, ಮತ್ತೆ ಬೇಕಾದರೆ ಮತ್ತೆ ದುಡ್ಡು. ಪ್ಲೇಯರ್‌ಗೆ ಫೋನ್ ಲೈನ್ ಜೋಡಿಸಬೇಕು, ಅದು ಕಂಪನಿಗೆ ಫೋನ್ ಮಾಡಿ ಲೆಕ್ಕ ಒಪ್ಪಿಸುತ್ತದೆ. ಮನೆಯಲ್ಲಿಟ್ಟ ಡಿಸ್ಕ್ ನಮ್ಮದೇ ಅಲ್ಲ ಅಂದರೆ ಯಾರು ಸುಮ್ನಿರುತ್ತಾರೆ? 1999ರ ಜೂನ್‌ನಲ್ಲಿ ಡಿವ್ಎಕ್ಸ್ ಬಾಗಿಲು ಮುಚ್ಚಿತು. (ಕಂಪ್ಯೂಟರಿನಲ್ಲಿ ಸಿನಿಮಾ ಫೈಲ್‌ಗಳಿಗೆ ಬಳಸುತ್ತಿದ್ದ ಡಿವ್ಎಕ್ಸ್ ಬೇರೆ, ಹೆಸರು ಮಾತ್ರ ಒಂದೇ.)

ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಜಗಳ ಬೇಗ ಹೇಳಿ ಮುಗಿಸುತ್ತೇನೆ. ಎರಡೂ ಡಿವಿಡಿಗಿಂತ ಹೆಚ್ಚು ಹಿಡಿಸುವ ಡಿಸ್ಕುಗಳು, 2006ರಲ್ಲಿ ಬಂದವು. ಒಂದು ಪದರಕ್ಕೆ ಬ್ಲೂ-ರೇ 25 ಜಿಬಿ, ಎಚ್‌ಡಿ ಡಿವಿಡಿ 15 ಜಿಬಿ. ಸೋನಿ ತನ್ನ ಪ್ಲೇಸ್ಟೇಷನ್ 3 ಒಳಗೇ ಬ್ಲೂ-ರೇ ಇಟ್ಟು ಆಟ ಆಡುವ ಹುಡುಗರ ಮನೆಗೆಲ್ಲ ತಲುಪಿಸಿತು. 2008ರ ಜನವರಿಯಲ್ಲಿ ವಾರ್ನರ್ ಬ್ಲೂ-ರೇ ಕಡೆ ವಾಲಿತು, ಫೆಬ್ರವರಿ 19ಕ್ಕೆ ತೋಷಿಬಾ ಕೈ ಎತ್ತಿತು. ಬೀಟಾ ಪಾಠವನ್ನು ಸೋನಿ ಚೆನ್ನಾಗಿಯೇ ಕಲಿತಿತ್ತು. ಆದರೆ ನಮ್ಮೂರಿಗೆ ಇದರಿಂದ ಏನೂ ಆಗಲಿಲ್ಲ. ಇಲ್ಲಿ ಡಿವಿಡಿ ಆದ ಮೇಲೆ ಗೆದ್ದದ್ದು ಬ್ಲೂ-ರೇ ಅಲ್ಲ, ಪೆನ್ ಡ್ರೈವ್. ಟಿವಿ ಹಿಂದೆ ಯುಎಸ್‌ಬಿ ತೂತು ಬಂದ ದಿನವೇ ಡಿಸ್ಕಿನ ಕಾಲ ಮುಗಿಯಿತು. 2016ರಲ್ಲಿ ಜಿಯೋ ಬಂದು ಉಳಿದದ್ದನ್ನೂ ಮುಗಿಸಿತು. ಅದೇ 2016ರ ಮಾರ್ಚ್‌ನಲ್ಲಿ ಸೋನಿ ಬೀಟಾ ಕ್ಯಾಸೆಟ್ ಮಾಡುವುದನ್ನು ನಿಲ್ಲಿಸಿತು, ಜುಲೈನಲ್ಲಿ ಜಪಾನಿನ ಫುನಾಯ್ ಕೊನೆಯ ವಿಸಿಆರ್ ಮಾಡಿ ಮುಗಿಸಿತು. ಸೋತವರ ಕ್ಯಾಸೆಟ್, ಗೆದ್ದವರ ಯಂತ್ರ ಎರಡೂ ಒಂದೇ ವರ್ಷ ಮಣ್ಣಾದವು.

ಹಾಗಾಗಿ ಯಾವ ಹೊಸ ಫಾರ್ಮ್ಯಾಟ್ ಮುಂದೆ ಬಂದರೂ ಕೇಳಬೇಕಾದದ್ದು ಇಷ್ಟು. ನನ್ನ ಕಾರ್ಯಕ್ರಮ ಪೂರ್ತಿ ಹಿಡಿಸುತ್ತದಾ? ಎಷ್ಟು ಕಂಪನಿ ಇದನ್ನು ಓಡಿಸುತ್ತವೆ, ಒಂದೇ ಕಂಪನಿಯಾ? ಬೀಗರ ಮನೆಯ ಟಿವಿಯಲ್ಲಿ ಓಡುತ್ತದಾ? ಪ್ರತಿ ತೆಗೆಯಲು ಯಾರನ್ನಾದರೂ ಕೇಳಬೇಕಾ? ಚಿತ್ರ ಎಷ್ಟು ಚೆಂದ ಅನ್ನೋದು ಇವೆಲ್ಲ ಆದ ಮೇಲೆ.

ಈಗ ಚೀಲ ಬಿಚ್ಚಿ

ಹಳೆಯದನ್ನು ಮೊದಲು ಉಳಿಸಬೇಕು ಅಂತ ಎಲ್ಲರೂ ವಿಎಚ್‌ಎಸ್‌ಗೆ ಕೈ ಹಾಕುತ್ತಾರೆ. ನಾನು ಉಲ್ಟಾ ಹೇಳುತ್ತೇನೆ. ಮೊದಲು ಮನೆಯಲ್ಲಿ ಬರ್ನ್ ಮಾಡಿದ ವಿಸಿಡಿ, ಡಿವಿಡಿ ಮುಗಿಸಿ. ವಿಎಚ್‌ಎಸ್ ಕೆಡುವಾಗ ನಿಧಾನ ಕೆಡುತ್ತದೆ, ಬಣ್ಣ ಮಾಸುತ್ತದೆ, ಗೆರೆ ಬರುತ್ತದೆ, ಆದರೂ ಅಜ್ಜಿ ಮುಖ ಗುರುತು ಸಿಗುತ್ತದೆ. ಬರ್ನ್ ಮಾಡಿದ ಡಿಸ್ಕಿನ ಬಣ್ಣದ ಪದರ ಸತ್ತರೆ ಮುನ್ಸೂಚನೆ ಇಲ್ಲ, ಇವತ್ತು ಓಡಿದ್ದು ನಾಳೆ ಓಡುವುದಿಲ್ಲ. ಮೇಲಾಗಿ ಇದು ಸುಲಭದ ಕೆಲಸ.

ವಿಸಿಡಿಯನ್ನು ಕಂಪ್ಯೂಟರಿಗೆ ಹಾಕಿ. ಎಂಪಿಇಜಿಎವಿ ಅನ್ನೋ ಫೋಲ್ಡರ್‌ನಲ್ಲಿ ಡ್ಯಾಟ್ ಫೈಲ್‌ಗಳಿರುತ್ತವೆ, ಅವನ್ನು ಹಾಗೇ ಕಾಪಿ ಮಾಡಿಕೊಳ್ಳಿ, ವಿಎಲ್‌ಸಿಯಲ್ಲಿ ಓಡುತ್ತವೆ. ಡಿವಿಡಿಯಾದರೆ ವಿಡಿಯೋ_ಟಿಎಸ್ ಫೋಲ್ಡರ್ ಇಡಿಯಾಗಿ ತೆಗೆದುಕೊಳ್ಳಿ. ಡ್ರೈವ್ ಗೊರಗೊರ ಅನ್ನುತ್ತಾ ನಿಂತರೆ ಡಿಸ್ಕ್ ಹೋಯಿತು ಅಂತ ಎಸೆಯಬೇಡಿ. ಮೆದು ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಿ (ಸುತ್ತಲೂ ಅಲ್ಲ), ಇನ್ನೊಂದು ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಓದದ್ದನ್ನು ಇನ್ನೊಂದು ಓದುವುದು ಬಹಳ ಸಲ ಆಗುತ್ತದೆ.

ಎರಡನೆಯದು ಮಿನಿ ಡಿವಿ. ಇದು 1995ರಿಂದ ಇರುವ ಡಿಜಿಟಲ್ ಟೇಪ್, ಹಲವು ಕಂಪನಿಗಳು ಕೂಡಿ ಒಪ್ಪಿಕೊಂಡದ್ದು. ಅದಕ್ಕೇ ಬಾಳಿತು. ಸೋನಿ ಒಬ್ಬನೇ 2001ರಲ್ಲಿ ತಂದ ಮೈಕ್ರೋಎಂವಿ ಅದಕ್ಕಿಂತ ಪುಟ್ಟದು, ಬೇರೆ ಯಾರೂ ಜೊತೆಗೆ ಬರಲಿಲ್ಲ, ಕೆಲವೇ ವರ್ಷಕ್ಕೆ ಹೋಯಿತು. ಮಿನಿ ಡಿವಿಯಲ್ಲಿ ಟೇಪಿಗಿಂತ ಕ್ಯಾಮೆರಾದ ಚಿಂತೆ ಜಾಸ್ತಿ, ಓಡುವ ಕ್ಯಾಮೆರಾ ದಿನೇ ದಿನೇ ಕಡಿಮೆಯಾಗುತ್ತಿವೆ. ಫೈರ್‌ವೈರ್ ಕೇಬಲ್‌ನಿಂದಲೇ ತೆಗೆಸಿ, ಸೋನಿ ಕ್ಯಾಮೆರಾದಲ್ಲಿ ಅದರ ಹೆಸರು ಐ-ಲಿಂಕ್. ಹಳದಿ, ಬಿಳಿ, ಕೆಂಪು ಎವಿ ವೈರಿನಿಂದ ತೆಗೆದುಕೊಡುತ್ತೇನೆ ಅಂದವನಿಗೆ ಕೊಡಬೇಡಿ, ಡಿಜಿಟಲ್ ಇದ್ದದ್ದನ್ನು ಅನಲಾಗ್ ಮಾಡಿ ಮತ್ತೆ ಡಿಜಿಟಲ್ ಮಾಡಿದಂತಾಗುತ್ತದೆ. ಒಂದು ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ, ಆಗಲಿ ಬಿಡಿ. ಮದುವೆ ವಿಡಿಯೋದವರು ಸೋನಿ ಪಿಡಿ 170 ಬಳಸಿದ್ದರೆ ಟೇಪ್ ಡಿವಿಕ್ಯಾಮ್ ಪದ್ಧತಿಯಲ್ಲಿ ಇರಬಹುದು, ಮನೆಯ ಚಿಕ್ಕ ಕ್ಯಾಮೆರಾದಲ್ಲಿ ಓಡದಿದ್ದರೆ ಗಾಬರಿಯಾಗಬೇಡಿ, ಅಂಥದೇ ದೊಡ್ಡ ಕ್ಯಾಮೆರಾ ಹುಡುಕಿ.

ಕೊನೆಗೆ ವಿಎಚ್‌ಎಸ್. ಕ್ಯಾಸೆಟ್ ಕೈಯಲ್ಲಿ ಹಿಡಿದು ಬೆಳಕಿಗೆ ಬನ್ನಿ. ಮೇಲಿನ ಪಾರದರ್ಶಕ ಕಿಟಕಿಯಲ್ಲಿ ಟೇಪಿನ ಸುರುಳಿಯ ಅಂಚು ಕಾಣುತ್ತದೆ, ಅದು ಕಪ್ಪಗೆ ನುಣ್ಣಗೆ ಹೊಳೆಯಬೇಕು. ಬಿಳಿ ಚುಕ್ಕಿ, ಬೂದಿ ಬಣ್ಣದ ನೂಲಿನಂಥ ಉಂಗುರ ಕಂಡರೆ ಅದು ಬೂಷ್ಟು. ಬೆಳಗಾವಿ, ಖಾನಾಪುರ ಕಡೆಯ ಮಳೆಗಾಲದಲ್ಲಿ ಗೋಡೆಯೇ ಹಸಿರಾಗುತ್ತದೆ, ಕ್ಯಾಸೆಟ್ ಬಿಡುತ್ತದಾ? ಇಂಥದನ್ನು ಪ್ಲೇಯರ್‌ಗೆ ಹಾಕಲೇಬೇಡಿ. ಹಾಕಿದರೆ ಆ ಪುಡಿ ಟೇಪ್ ಓದುವ ಹೆಡ್‌ಗೆ ಹತ್ತಿ, ಅಲ್ಲಿಂದ ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೇರೆ ಕಟ್ಟಿಡಿ, ಟೇಪ್ ಸ್ವಚ್ಛ ಮಾಡುವ ಯಂತ್ರ ಇರುವವರಿಗೇ ಕೊಡಿ.

ವಿಜಯಪುರ, ಬಾಗಲಕೋಟೆ ಕಡೆಯಿಂದ ಬರುವ ಕ್ಯಾಸೆಟ್‌ಗಳ ಕಾಯಿಲೆಯೇ ಬೇರೆ. ಬೂಷ್ಟು ಅಪರೂಪ. ಮಣ್ಣಿನ ಮಾಳಿಗೆಯಿಂದ ಉದುರಿದ ಧೂಳು, ತಗಡಿನ ಕೆಳಗೆ ಬೇಸಿಗೆಯಿಡೀ ಬೆಂದು ಸೊಟ್ಟಗಾದ ಡಬ್ಬಿ. ಕ್ಯಾಸೆಟ್ ಪಕ್ಕದ ಚಿಕ್ಕ ಗುಂಡಿ ಒತ್ತಿ ಮುಂದಿನ ಮುಚ್ಚಳ ಎತ್ತಿ ನೋಡಿ, ಟೇಪ್ ಸುಕ್ಕಾಗಿದೆಯಾ, ಮಡಚಿದೆಯಾ. ಟೇಪನ್ನು ಬೆರಳಿಂದ ಮುಟ್ಟಬೇಡಿ. ಡಬ್ಬಿ ಮಾತ್ರ ಕೆಟ್ಟಿದ್ದರೆ ಹಿಂದಿನ ಐದು ಸ್ಕ್ರೂ ಬಿಚ್ಚಿ ಸುರುಳಿಗಳನ್ನು ಬೇರೆ ಒಳ್ಳೆಯ ಡಬ್ಬಿಗೆ ವರ್ಗಾಯಿಸಬಹುದು. ಹರಿದ ಟೇಪಿಗೆ ಸ್ಟೇಷನರಿ ಅಂಗಡಿಯ ಗಮ್ ಟೇಪ್ ಅಂಟಿಸಿದವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ, ಆ ಗೋಂದು ಹೆಡ್ ಮೇಲೆ ಹೋಗಿ ಕೂರುತ್ತದೆ.

ಇನ್ನು ಓಡಿಸುವುದು. ಮೊದಲು ಕ್ಯಾಸೆಟ್ ಬೆನ್ನಿನ ಎಡ ಮೂಲೆಯ ಪ್ಲಾಸ್ಟಿಕ್ ಚೂರು ಮುರಿದಿದೆಯಾ ನೋಡಿ, ಇಲ್ಲದಿದ್ದರೆ ಮುರಿಯಿರಿ, ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸುವುದಿಲ್ಲ. ಒಮ್ಮೆ ಕೊನೆಯವರೆಗೆ ಮುಂದಕ್ಕೆ ಓಡಿಸಿ ಮತ್ತೆ ಹಿಂದಕ್ಕೆ ಸುತ್ತಿ, ವರ್ಷಗಟ್ಟಲೆ ಅಂಟಿಕೊಂಡ ಸುರುಳಿ ಸಡಿಲಾಗುತ್ತದೆ. ಚಿತ್ರದಲ್ಲಿ ಗೆರೆ ಬಂದರೆ ವಿಸಿಆರಿನ ಟ್ರ್ಯಾಕಿಂಗ್ ಗುಂಡಿ ತಿರುಗಿಸಿ. ಪೂರ್ತಿ ಹಿಮ ಬಿದ್ದಂತೆ ಕಂಡರೆ ಹೆಡ್ ಕೊಳೆಯಾಗಿದೆ: ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಿಳಿ ಹಾಳೆಯ ತುಂಡನ್ನು ಹೆಡ್ ಕೂತಿರುವ ಡ್ರಮ್ಮಿಗೆ ಮೆಲ್ಲಗೆ ಒತ್ತಿ ಹಿಡಿದು ಡ್ರಮ್ಮನ್ನೇ ಕೈಯಿಂದ ತಿರುಗಿಸಿ, ಹಾಳೆಯನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ವಿಸಿಆರಿನ ಚಿತ್ರವನ್ನು ಕಂಪ್ಯೂಟರಿಗೆ ಏರಿಸುವ ಕ್ಯಾಪ್ಚರ್ ಸಾಫ್ಟ್‌ವೇರ್‌ನಲ್ಲಿ ಪಾಲ್ ಆರಿಸಿ, 720 ಅಡ್ಡ 576, ಸೆಕೆಂಡಿಗೆ 25 ಫ್ರೇಮ್. ವಿಸಿಆರ್ ಮತ್ತು ಕಂಪ್ಯೂಟರಿನ ನಡುವೆ ಹಾಕುವ ಬಹಳ ಕ್ಯಾಪ್ಚರ್ ಸ್ಟಿಕ್‌ಗಳನ್ನು ಬರುವಾಗಲೇ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಗೆ ಇಟ್ಟಿರುತ್ತಾರೆ, ಅದಕ್ಕೇ ಚಿತ್ರ ಕಪ್ಪು ಬಿಳುಪಾಗಿ ಉರುಳುತ್ತಿರುತ್ತದೆ. ಆಮೇಲೆ ಚಿತ್ರದ ಅಳತೆಯನ್ನು 4:3ರಲ್ಲೇ ಬಿಡಿ. ದೊಡ್ಡ ಟಿವಿ ತುಂಬಲಿ ಅಂತ ಎಳೆಸಿದರೆ ಮದುಮಗಳ ಮುಖ ಪೂರಿ ಥರ ಊದಿಕೊಳ್ಳುತ್ತದೆ, ಆಮೇಲೆ ಅವರಿಂದಲೇ ಬೈಸಿಕೊಳ್ಳುತ್ತೀರಿ.

ಅಮೆರಿಕದ ಮಾವ ತಂದ ವಿಡಿಯೋ8, ಹೈ8 ಕ್ಯಾಸೆಟ್‌ಗಳಿದ್ದರೆ ಅವಕ್ಕೆ ಅಲ್ಲಿನದೇ ಎನ್‌ಟಿಎಸ್‌ಸಿ ಕ್ಯಾಮೆರಾ ಬೇಕು. ವಿಎಚ್‌ಎಸ್ ಅಡಾಪ್ಟರ್ ಸಿಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಅದು ಸಿಗೋದು ವಿಎಚ್‌ಎಸ್-ಸಿ ಅನ್ನೋ ಚಿಕ್ಕ ವಿಎಚ್‌ಎಸ್ ಕ್ಯಾಸೆಟ್‌ಗೆ ಮಾತ್ರ. ವಿಡಿಯೋ8ರ ಟೇಪಿನ ಅಗಲವೇ ಬೇರೆ.

ಯಾವ ಫೈಲ್, ಎಲ್ಲಿ

ಕ್ಯಾಪ್ಚರ್ ಆದದ್ದನ್ನು ಒಂದು ಮೂಲ ಪ್ರತಿಯಾಗಿ ಹಾಗೇ ಇಟ್ಟುಕೊಳ್ಳಿ, ನೋಡಲು ಹಂಚಲು ಎಚ್.264 ಎಂಪಿ4 ಮಾಡಿಕೊಳ್ಳಿ. 2003ರಿಂದ ಇರುವ ಈ ಎಚ್.264 ಎಲ್ಲ ಫೋನ್, ಎಲ್ಲ ಟಿವಿ, ಎಲ್ಲ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. 2013ರ ಎಚ್.265 ಅದೇ ಚಿತ್ರವನ್ನು ಚಿಕ್ಕ ಫೈಲ್‌ನಲ್ಲಿ ಕೂರಿಸುತ್ತದೆ, ನಿಜ, ಆದರೆ ಪೇಟೆಂಟ್ ದುಡ್ಡಿನ ಜಗಳ ಹಲವು ಗುಂಪುಗಳ ನಡುವೆ ಹರಿದು ಹಂಚಿಹೋಗಿ ಅದು ಎಲ್ಲ ಕಡೆ ಹಬ್ಬಲಿಲ್ಲ. ಅದಕ್ಕೆ ಬೇಸತ್ತೇ ಗೂಗಲ್, ನೆಟ್‌ಫ್ಲಿಕ್ಸ್ ಮುಂತಾದವರು ಕೂಡಿ 2018ರಲ್ಲಿ ಎವಿ1 ತಂದರು. ಎವಿ1 ಬೀಗವಿಲ್ಲದ್ದು, ಕಂಪನಿಗಳೂ ಹಲವು, ಗೆಲ್ಲುವ ಲಕ್ಷಣ ಇದೆ ಅಂತ ನನಗನಿಸುತ್ತದೆ. ಆದರೆ ಅತ್ತೆಯವರ ಹಳೆಯ ಟಿವಿಗೆ ಅದರ ಗಂಧಗಾಳಿ ಇಲ್ಲ. ಸದ್ಯ ಬೇಡ. ಹೊಸದಾಗಿ ಐಫೋನ್‌ನಲ್ಲಿ ತೆಗೆಯುವವರು ಕ್ಯಾಮೆರಾ ಸೆಟ್ಟಿಂಗ್‌ನ ಫಾರ್ಮ್ಯಾಟ್ ಜಾಗದಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಇಟ್ಟುಕೊಳ್ಳಿ.

ವಿಎಚ್‌ಎಸ್‌ಗೆ ಸೆಕೆಂಡಿಗೆ 6 ಮೆಗಾಬಿಟ್ ಧಾರಾಳ ಸಾಕು, ಗಂಟೆಗೆ ಸುಮಾರು 2.7 ಜಿಬಿ ಆಗುತ್ತದೆ. ಇದರಲ್ಲಿ ಒಂದು ಉಪಾಯವೂ ಇದೆ. ಪೆನ್ ಡ್ರೈವ್ ಫ್ಯಾಟ್32 (ಫೈಲ್ ಜೋಡಿಸಿಡುವ ಹಳೆಯ ಪದ್ಧತಿ) ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಎಷ್ಟೋ ಹಳೆಯ ಟಿವಿಗಳು ಬೇರೆ ಏನನ್ನೂ ಓದುವುದಿಲ್ಲ. ಹಾಗಾಗಿ ಸುರಗಿ, ಅಕ್ಷತೆ, ಊಟ, ಮೆರವಣಿಗೆ ಅಂತ ತುಂಡು ಮಾಡಿಕೊಳ್ಳಿ. ವಾಟ್ಸಾಪ್‌ನಲ್ಲಿ ವಿಡಿಯೋ ಅಂತಲೇ ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಗುಂಪಿನಲ್ಲಿ ಬಂದದ್ದನ್ನೇ ಮೂಲ ಅಂದುಕೊಂಡು ಫೈಲ್ ಅಳಿಸಿದವರಿದ್ದಾರೆ.

ಒಂದು ಹಾರ್ಡ್ ಡಿಸ್ಕ್ ನಿಮ್ಮ ಮನೆಯಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಿ. ಆಗುವುದಾದರೆ ಕ್ಲೌಡ್‌ನಲ್ಲಿ ಮೂರನೆಯದು. ವರ್ಷಕ್ಕೊಮ್ಮೆ, ದೀಪಾವಳಿ ಸುಣ್ಣ ಬಣ್ಣದ ಹೊತ್ತಿಗೆ ಇಟ್ಟುಕೊಳ್ಳಿ, ಎರಡನ್ನೂ ಚಾಲೂ ಮಾಡಿ ಓಡುತ್ತವಾ ನೋಡಿ.

ಬಾಗಲಕೋಟೆಯವರಿಗೆ ಒಂದು ಮಾತು ಬೇರೆಯಾಗಿ. ಆಲಮಟ್ಟಿ ಹಿನ್ನೀರು ಬಂದು ನವನಗರಕ್ಕೆ ಹೋಗುವ ಮುಂಚಿನ ಕ್ಯಾಸೆಟ್ ನಿಮ್ಮಲ್ಲಿದ್ದರೆ ಮದುವೆಯ ಭಾಗ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಬೇಡಿ. ಕ್ಯಾಮೆರಾದವನು ಬೇಜಾರಾಗಿ ಓಣಿಯ ಕಡೆ ತಿರುಗಿಸಿದ ಅರ್ಧ ನಿಮಿಷ, ಮಂಟಪದ ಹಿಂದಿನ ಕಟ್ಟೆ, ಹೋಳಿಯ ಬಣ್ಣದ ಬಂಡಿ, ಹಲಗಿ ಬಡಿಯುವವರ ಗುಂಪು, ಮುಳುಗಿದ ಮನೆಯ ತಲೆಬಾಗಿಲು, ಅದೆಲ್ಲ ಬೇರೆಲ್ಲೂ ಸಿಗುವುದಿಲ್ಲ. ಪೂರ್ತಿ ಟೇಪ್ ಏರಿಸಿ, ಕೊನೆಯ ಖಾಲಿ ಭಾಗ ಕೂಡ, ಹಿಂದೆ ಅಳಿಸಿ ತುಂಬಿದ ಬೇರೇನೋ ಅಲ್ಲಿ ಉಳಿದಿರುತ್ತದೆ.

ಫೈಲ್ ಹೆಸರು ವರ್ಷ, ಊರು, ಯಾರ ಕಾರ್ಯ ಅಂತ ಬರೆಯಿರಿ, 'ಮದುವೆ ಫೈನಲ್ 2' ಅಂತ ಅಲ್ಲ. ದೊಡ್ಡವರನ್ನು ಟಿವಿ ಮುಂದೆ ಕೂರಿಸಿ ಯಾರು ಯಾರು ಅಂತ ಕೇಳಿ, ಎಷ್ಟನೇ ನಿಮಿಷಕ್ಕೆ ಯಾರು ಬರುತ್ತಾರೆ ಅಂತ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದು ಅದೇ ಫೋಲ್ಡರ್‌ಗೆ ಹಾಕಿ. ಕ್ಯಾಸೆಟ್‌ಗಳನ್ನು ಎಸೆಯಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನಿಲ್ಲಿಸಿ, ಗೋಡೆಗೆ ತಾಗದ ಕಪಾಟಿನಲ್ಲಿಡಿ, ಸ್ಪೀಕರ್ ಪಕ್ಕ ಬೇಡ. ವಿಸಿಆರ್ ಅನ್ನು ಗುಜರಿಗೆ ಹಾಕುವ ಮುಂಚೆ ನೆಂಟರಲ್ಲಿ ಒಂದು ಸಲ ವಿಚಾರಿಸಿ, ಯಾರದೋ ಚೀಲ ಇನ್ನೂ ಬಿಚ್ಚಿರುವುದಿಲ್ಲ.